ಎಡಗೈ ಸುತ್ತಿನ ರ‍್ಯಾಕೆಟ್ಟು

ಪೀಣ್ಯದ ಎರಡನೇ ಹಂತದಲ್ಲಿ ಈ ಸಂಗತಿಯನ್ನು ಹೇಳುವವರೆಲ್ಲರೂ ಪಂಕಜಾ ಅವರ ಎಡಗೈಯಿಂದಲೇ ಆರಂಭಿಸುತ್ತಾರೆ. ಮೋಟಾರು ಕಾರ್ಖಾನೆಯ ವೈಂಡಿಂಗ್ ವಿಭಾಗದಲ್ಲಿ ಮೂವತ್ತೆರಡು ವರ್ಷ ತಾಮ್ರದ ಸುರುಳಿಗಳಿಗೆ ಹತ್ತಿಯ ಪಟ್ಟಿ ಸುತ್ತಿದ ಕೈ ಅದು. ಉಳಿದ ಹೆಂಗಸರು ಸುತ್ತಿದ ಪಟ್ಟಿಯ ಓರೆ ಬಲಕ್ಕೆ ಏರಿದರೆ ಇವರದು ಎಡಕ್ಕೆ ಏರುತ್ತಿತ್ತು. ಸೂಪರ್‌ವೈಸರು ಬೈದು ಬೈದು ಸಾಕಾಗಿ ಸುಮ್ಮನಾಗಿದ್ದ. ತಮ್ಮ ಬಾಲ್ ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಹಿಡಿಗೂ ಅವರು ಅದೇ ಕೈಯಿಂದ ಪಟ್ಟಿ ಸುತ್ತಿಕೊಂಡಿದ್ದರು. ಎಂಬತ್ತೊಂಬತ್ತನೇ ಇಸವಿಯಲ್ಲಿ ಕಾರ್ಖಾನೆಯ ಮಹಿಳಾ ತಂಡ ಫೈನಲ್ ಗೆದ್ದದ್ದು ಆ ರ‍್ಯಾಕೆಟ್ಟಿನ ಕೊನೆಯ ಹೊಡೆತದಿಂದ.

ಈ ವರ್ಷದ ಆಯುಧಪೂಜೆಯಂದು, ಎಂದಿನಂತೆ ಹೊಲಿಗೆ ಯಂತ್ರಕ್ಕೂ ಸ್ಪ್ಯಾನರುಗಳಿಗೂ ಕುಂಕುಮವಿಟ್ಟು, ಅವರು ರ‍್ಯಾಕೆಟ್ಟನ್ನು ಕವರಿನಿಂದ ತೆಗೆದರು. ಹಿಡಿಯ ಮೇಲೆ ಹೆಬ್ಬೆರಳು ಓಡಿಸಿದರು. ಬೆರಳು ನಿಂತಿತು. ಓರೆ ಬಲಕ್ಕೆ ಏರುತ್ತಿತ್ತು.

"ರೀ, ಇದು ನಂದಲ್ಲ."

ಗಂಡ ರಾಮಪ್ರಸಾದ ಅದೇ ಕಾರ್ಖಾನೆಯ ಸ್ಟೋರ್ಸ್‌ನಿಂದ ನಿವೃತ್ತರಾದವರು. ಹೂವಿನ ತಟ್ಟೆ ಕೆಳಗಿಟ್ಟು ಹೆಂಡತಿಯ ಮುಖ ನೋಡಿದರು. ಇಬ್ಬರಿಗೂ ಏಕಕಾಲಕ್ಕೆ ನೆನಪಾದದ್ದು ಸುಜಯ್.

ಮೂರು ತಿಂಗಳ ಹಿಂದೆ ಬ್ರೂಕ್‌ಫೀಲ್ಡಿನಿಂದ ಬಂದಿದ್ದ ಸುಜಯ್, ಹಳೆಯ ಆಟಗಾರರ ವಸ್ತುಗಳನ್ನು ಸಂಗ್ರಹಿಸುವವನೆಂದು ಹೇಳಿಕೊಂಡಿದ್ದ. "ಎಕ್ಸಿಬಿಷನ್‌ಗೆ ಅಷ್ಟೇ ಆಂಟಿ, ಹದಿನೈದು ದಿನ" ಎಂದಿದ್ದ. "ಗೇಟ್ ಪಾಸ್ ಇಲ್ದೆ ಸೂಜೀನೂ ಆಚೆ ಹೋಗಲ್ಲ ಕಣಪ್ಪಾ" ಎನ್ನುತ್ತ ರಾಮಪ್ರಸಾದ ಕಾರ್ಖಾನೆಯ ಹಳೆಯ ಗೇಟ್ ಪಾಸ್ ಪುಸ್ತಕವನ್ನು ಹೊರತೆಗೆದು, 'ರ‍್ಯಾಕೆಟ್ಟು, ಒಂದು, ವಾಪಸ್ಸು ಬರತಕ್ಕದ್ದು' ಎಂದು ಬರೆದಿದ್ದರು. ಸುಜಯ್ ನಗುನಗುತ್ತ ಸಹಿ ಹಾಕಿದ್ದ. ಹೇಳಿದ ದಿನಕ್ಕೇ ಹಿಂದಿರುಗಿಸಿಯೂ ಇದ್ದ. "ಒಂದು ಹೋಯ್ತು, ಒಂದು ಬಂತು, ಲೆಕ್ಕ ಸರಿ" ಎಂದು ರಾಮಪ್ರಸಾದ ಗುರುತು ಹಾಕಿದರು. ಕವರನ್ನು ಬಿಚ್ಚದೆಯೇ ಪಂಕಜಾ 'ವಾಪಸ್ಸು ಬಂದಿದೆ' ಎಂಬಲ್ಲಿ ಸಹಿ ಮಾಡಿ, ಪಾಸಿನ ಅರ್ಧವನ್ನು ಹರಿದು ಅವನ ಕೈಗೆ ಕೊಟ್ಟರು. ಕಾರ್ಖಾನೆಯಲ್ಲಿ ಸಂಖ್ಯೆ ತಾಳೆಯಾದರೆ ಪಾಸು ಮುಗಿದಂತೆಯೇ.

"ನಾವೇ ಸಹಿ ಹಾಕಿದೀವಲ್ಲೇ. ಈಗ ಯಾರನ್ನ ಕೇಳೋದು? ಬಿಡು" ಎಂದರು ರಾಮಪ್ರಸಾದ.

"ಬಿಡೋದಾ? ಮಾಲು ನೋಡ್ದೆ ಲೆಕ್ಕ ಸರಿ ಅಂದ್ರಲ್ಲ, ನಿಮ್ಮನ್ನ ಸ್ಟೋರ್ಸ್‌ಗೆ ಹಾಕ್ದೋರು ಯಾರು? ಸಹಿ ಹಾಕಿದ ನನ್ನ ಕೈಗೆ ಬರೆ ಹಾಕ್ಬೇಕು!"

ಅದೇ ವಾರ ಹಳೆಯ ಆಟಗಾರ್ತಿಯರ ವಾಟ್ಸಾಪ್ ಗುಂಪಿಗೊಂದು ಆಮಂತ್ರಣ ಬಂತು. ವೈಟ್‌ಫೀಲ್ಡಿನ ಕಂಪನಿಯೊಂದರ ಆವರಣದಲ್ಲಿ ಸುಜಯ್‌ನ ಸಂಗ್ರಹದ ಪ್ರದರ್ಶನ; ನಡುವೆ ರ‍್ಯಾಕೆಟ್ಟಿನ ಚಿತ್ರ. ಹಿಡಿಯ ಓರೆ ಎಡಕ್ಕೆ ಏರಿತ್ತು.

ಪಂಕಜಾ ನಕಲಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಮೆಟ್ರೊ ಹತ್ತಿದರು. ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಾಯಿಸಿ, ವೈಟ್‌ಫೀಲ್ಡಿನವರೆಗೂ ಒಂದೇ ಸಮನೆ ಹಲ್ಲು ಕಚ್ಚಿಕೊಂಡು ಕುಳಿತಿದ್ದರು. ಕಂಪನಿಯ ಗೇಟಿನಲ್ಲಿ ಕಾವಲುಗಾರ ವೆಂಕಟೇಶಪ್ಪ ತಡೆದು, "ಒಳಿಕ್ಕೆ ಏನ್ ತಗಂಡೋಯ್ತಿದೀರಕ್ಕ? ಬ್ಯಾಟಾ? ಬರಕಂತೀನಿ" ಎಂದು ರಿಜಿಸ್ಟರಿನಲ್ಲಿ 'ಬ್ಯಾಟು ಒಂದು' ಎಂದು ಬರೆದುಕೊಂಡ.

ಒಳಗೆ ಗಾಜಿನ ಪೆಟ್ಟಿಗೆಯ ಎದುರು ಸುಜಯ್ ಕಂಪನಿಯ ಮುಖ್ಯಸ್ಥ ಋಷಿಕೇಶ್‌ಗೆ ವಿವರಣೆ ಕೊಡುತ್ತಿದ್ದ. ರ‍್ಯಾಕೆಟ್ಟನ್ನು ಕೊಂಡು ತಮ್ಮ ಲಾಬಿಯಲ್ಲಿಡಬೇಕೆಂದು ಋಷಿಕೇಶ್ ಮನಸ್ಸು ಮಾಡಿದ್ದರು.

"ಅದನ್ನ ತೆಗಿ ಆಚೆಗೆ. ಅದು ನಂದು."

ತಿರುಗಿ ನೋಡಿದ ಸುಜಯ್ ಬೆಚ್ಚಲಿಲ್ಲ. "ಓ, ಆಂಟಿ! ಸಾರ್, ಇವ್ರೂ ಅದೇ ಟೀಮಲ್ಲಿ ಆಡಿದೋರು. ಆಂಟಿ, ನಿಮ್ಮದು ವಾಪಸ್ ಕೊಟ್ಟಿದೀನಲ್ಲ, ನಿಮ್ಮ ಸಹೀನೇ ಇದೆ." ಜೇಬಿನಿಂದ ಪಾಸಿನ ಅರ್ಧವನ್ನು ತೆಗೆದು ತೋರಿಸಿದ. "ಇದು ಗೌರಿ ಅವ್ರದ್ದು. ಅವ್ರ ಮನೆಯೋರ ಹತ್ರ ತಗೊಂಡಿದ್ದು."

ಗೌರಿ ತಂಡದಲ್ಲಿ ಪಂಕಜಾ ಅವರ ಜೊತೆಗಾತಿ. ತೀರಿಹೋಗಿ ಆರು ವರ್ಷ. ಸತ್ತವಳ ಹೆಸರನ್ನು ಇವನ ಬಾಯಲ್ಲಿ ಕೇಳಿದೊಡನೆ ಪಂಕಜಾ ಅವರಿಗೆ ಮೈಯೆಲ್ಲ ಉರಿದುಹೋಯಿತು.

"ಸತ್ತೋಳು ಎದ್ದು ಬಂದು ಕೇಳಲ್ಲ ಅಂತ ಧೈರ್ಯಾನಾ ನಿಂಗೆ? ಗೌರಿ ಬಲಗೈಯೋಳು ಕಣೋ! ಹಿಡಿಗೆ ರಬ್ಬರ್ ಹಾಕ್ತಿದ್ಲು, ಪಟ್ಟಿ ಸುತ್ತಿದ್ದೇ ಇಲ್ಲ."

ಅಷ್ಟು ಹೇಳಿ, ಅಲ್ಲಿಯೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ತಾವು ತಂದ ನಕಲಿಯ ಪಟ್ಟಿಯನ್ನು ಸರ್ರನೆ ಬಿಚ್ಚಿದರು. ಹಿಡಿಯನ್ನು ಮೊಣಕಾಲಿನ ನಡುವೆ ಅವುಚಿಕೊಂಡು, ಎಡಗೈಯಲ್ಲಿ ಪಟ್ಟಿ ಎಳೆದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧದ ಮೇಲೆ ಕೂರುವಂತೆ ಸುತ್ತತೊಡಗಿದರು. ಸುತ್ತಿ ಮುಗಿಸಿ, ತುದಿಯನ್ನು ಒಳಗೆ ತೂರಿಸಿ, ಕಾರ್ಖಾನೆಯಲ್ಲಿ ಸುರುಳಿಗೆ ಹಾಕುತ್ತಿದ್ದ ಗಂಟನ್ನೇ ಹಾಕಿ, ಗಾಜಿನ ಪಕ್ಕಕ್ಕೆ ಹಿಡಿದರು.

ಋಷಿಕೇಶ್ ಬಗ್ಗಿ ನೋಡಿದರು. ಅದೇ ಓರೆ, ಅದೇ ಅಂತರ, ಅದೇ ಗಂಟು.

"ಸುಜಯ್, ಡೀಲ್ ಕ್ಯಾನ್ಸಲ್. ಮೇಡಮ್‌ದು ಮೇಡಮ್‌ಗೆ ಕೊಡಿ."

"ಸಾರ್, ಪೇಪರ್ ಪ್ರಕಾರ..."

"ಪೇಪರ್ ನಾನು ನೋಡ್ದೆ. ಈಗ ಪೆಟ್ಟಿಗೆ ಓಪನ್ ಮಾಡಿ."

ಪೆಟ್ಟಿಗೆ ತೆರೆಯಿತು. ಪಂಕಜಾ ನಕಲಿಯನ್ನು ಅವನ ಕಾಲ ಬಳಿ ಎಸೆದು, ತಮ್ಮದನ್ನು ಎತ್ತಿಕೊಂಡು ಗೇಟಿಗೆ ಬಂದರು. ವೆಂಕಟೇಶಪ್ಪ ರಿಜಿಸ್ಟರಿನ ಮೇಲೆ ಬೆರಳಿಟ್ಟು ನೋಡಿದ.

"ಒಂದ್ ಬ್ಯಾಟ್ ತಂದಿದ್ರಿ, ಒಂದ್ ತಗಂಡೋಯ್ತಿದೀರ. ಲೆಕ್ಕ ಸರಿಯಾಗೈತೆ, ಓಗ್ಬನ್ನಿ ಅಕ್ಕ."

ಆ ಮಾತು ಕೇಳಿ ಪಂಕಜಾ ಅಲ್ಲಿಯೇ ನಿಂತುಬಿಟ್ಟರು.

"ಸರಿಯಾಗಿಲ್ಲ ಅಣ್ಣ. ನಾನು ತಂದಿದ್ದು ಒಳಗಿದೆ. ಇದು ಆ ಸುಜಯ್ ಹೆಸರಲ್ಲಿ ಒಳಗೆ ಬಂದಿರೋ ಮಾಲು. ಪಾಸು ಬರಿ. ಅವನನ್ನ ಕರೆಸು, ಸಹಿ ಹಾಕ್ಲಿ."

"ಅಯ್ಯೋ, ಸುಮ್ಕೆ ಯಾಕಕ್ಕಾ..."

"ಬರಿ ಅಂದೆ."

ವೆಂಕಟೇಶಪ್ಪ ಪಾಸು ಬರೆದು ಒಳಕ್ಕೆ ಫೋನು ಮಾಡಿದ. ಸುಜಯ್ ಬಂದ. "ಸಿಕ್ತಲ್ಲ ಆಂಟಿ, ಇನ್ನೇನು?" ಎಂದು ಗೊಣಗಿದ. ಪಂಕಜಾ ರ‍್ಯಾಕೆಟ್ಟನ್ನು ಅವನ ಮುಖದೆದುರು ಹಿಡಿದು, ಹಿಡಿಯನ್ನು ಒಂದು ಸುತ್ತು ತಿರುಗಿಸಿ ತೋರಿಸಿದರು, ವೆಂಕಟೇಶಪ್ಪನಿಗೂ ತೋರಿಸಿದರು. ಆಮೇಲೆ ಪಾಸನ್ನು ತಮ್ಮ ಕಡೆಗೆ ಎಳೆದುಕೊಂಡು, ಎಡಗೈಯಿಂದ 'ವಾಪಸ್ಸು ಬರತಕ್ಕದ್ದು' ಎಂಬ ಅಚ್ಚಿನ ಸಾಲನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದರು.

"ಹಾಕು ಸಹಿ."

ಅವನು ಹಾಕಿದ. ಈ ಸಲ ನಗಲಿಲ್ಲ.