ಮೇಸ್ತ್ರಿಯ ಬಾಯಲ್ಲಿ ಒತಿಲಿಯ

“ರಾತ್ರಿ ಉಳ್ದಿದ್ ಮೀನು ತಿಂದವ್ಳೆ, ಅದ್ಕೇ ವಾಂತಿ ಅಂತ ಹೇಳ್ತೀನಿ. ನೀವು ಸುಮ್ಕೆ ತಲೆ ಆಡ್ಸಿ ಕೊಮಾದ್ರೆ. ಔಸ್ದಿ ಗಿಸ್ದಿ ಅಂತ ಬಾಯ್ ಬುಟ್ರೆ, ನಾಳೆಯಿಂದ ಕೆಲ್ಸದ್ ವ್ಯಾನು ನಿಮ್ ಬಾಗ್ಲಲ್ಲಿ ನಿಲ್ಲಾಕಿಲ್ಲ.”

ಮೇಸ್ತ್ರಿ ನಿಕಾನೋರ್ ಇಷ್ಟು ಹೇಳಿ ಆಸ್ಪತ್ರೆಯ ಬಾಗಿಲನ್ನು ತಾನೇ ತೆರೆದು ಹಿಡಿದ, ಮದುವೆ ಮನೆಗೆ ಕರೆದುಕೊಂಡು ಬಂದವನ ಹಾಗೆ. ಒತಿಲಿಯ ಸ್ಟ್ರಾಬೆರಿ ಹೊಲದ ಕೆಸರು ಮೆತ್ತಿದ ಬೂಟಿನಲ್ಲೇ ಒಳಗೆ ಕಾಲಿಟ್ಟಳು. ಹೊಳೆಯುವ ನೆಲದ ಮೇಲೆ ಹೆಜ್ಜೆ ಮೂಡಿದ್ದು ಕಂಡು ಅವಳಿಗೆ ಮೈಯೆಲ್ಲ ಹಿಡಿಯಾಯಿತು. ಒರೆಸಲು ಏನಾದರೂ ಸಿಕ್ಕೀತೇ ಎಂದು ಅತ್ತಿತ್ತ ನೋಡಿದಳು.

ಬೆಳಿಗ್ಗೆ ಪಕ್ಕದ ಹೊಲಕ್ಕೆ ಟ್ರ್ಯಾಕ್ಟರಿನಲ್ಲಿ ಔಷಧಿ ಹೊಡೆಯುತ್ತಿದ್ದರು. ಗಾಳಿ ತಿರುಗಿತು, ಅದಷ್ಟೂ ಇವರ ಸಾಲುಗಳ ಮೇಲೆ ಬಂತು. ಹೆಂಗಸರು ಕಣ್ಣುಜ್ಜಿಕೊಳ್ಳುತ್ತ ಎದ್ದು ನಿಂತರೆ, ಮೊದಲು ಪೆಟ್ಟಿಗೆ ತುಂಬಿಸಿ ಆಮೇಲೆ ಸಾಯಿರಿ ಎಂದು ನಿಕಾನೋರ್ ಕೂಗಿದ. ಒತಿಲಿಯ ಬಾಯಲ್ಲಿ ನೊರೆ ತಂದುಕೊಂಡು ಸಾಲಿನ ನಡುವೆ ಬಿದ್ದ ಮೇಲೆಯೇ ಅವನಿಗೆ ಆಸ್ಪತ್ರೆ ನೆನಪಾದದ್ದು.

ಅವನು ಬರೀ ಮೇಸ್ತ್ರಿಯಲ್ಲ. ಅವಳ ಮಗಳು ನಯೆಲಿಯನ್ನು ಜ್ಞಾನಸ್ನಾನದ ದಿನ ಎತ್ತಿ ಹಿಡಿದ ಧರ್ಮತಂದೆ. ಬೇರೆ ದೇಶದಿಂದ ದುಡಿಯಲು ಬಂದ ಕೂಲಿಯವರ ಕ್ಯಾಂಪಿನ ಅರ್ಧಕ್ಕರ್ಧ ಮಕ್ಕಳಿಗೆ ಅವನೇ ಧರ್ಮತಂದೆ. ಮಗುವಿನ ಧರ್ಮತಂದೆ ಹೆತ್ತವರಿಗೆ ಕೊಂಪಾದ್ರೆ, ಒಡಹುಟ್ಟಿದವನ ಹಾಗೆ; ಮೇಸ್ತ್ರಿಯನ್ನು ಕೊಂಪಾದ್ರೆ ಮಾಡಿಕೊಂಡರೆ ಕೆಲಸ ತಪ್ಪುವುದಿಲ್ಲ ಎನ್ನುವ ಲೆಕ್ಕ ಎಲ್ಲರದೂ. ಒತಿಲಿಯಳೇ ಗಂಡನನ್ನು ಪೀಡಿಸಿ, ಕೋಳಿ ಕುಯ್ದು, ಮೆಣಸಿನಕಾಯಿ ಅರೆದು ಸಾರು ಮಾಡಿ ಅವನನ್ನು ಕರೆಸಿದ್ದಳು. ಅಂದಿನಿಂದ ಅವನಿಗೆ ಅವಳು ಕೊಮಾದ್ರೆ, ಧರ್ಮಮಗಳ ತಾಯಿ. ಹೋಗಿ ಬನ್ನಿ ಎಂಬ ಮರ್ಯಾದೆಯ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಕೊಂಪಾದ್ರೆಯ ಎದುರು ಹೆಂಗಸು ಜಡೆ ಬಿಚ್ಚುವುದಿಲ್ಲ, ಹೊಟ್ಟೆ ನೋಯುತ್ತದೆ ಎಂದು ಸಹ ಅನ್ನುವುದಿಲ್ಲ.

ನರ್ಸಮ್ಮ ಬಂದಳು. ಕೆಟ್ಟವಳಲ್ಲ, ಅವಸರದವಳು. ಇಂಗ್ಲಿಷಿನಲ್ಲಿ ಏನೋ ಕೇಳಿದಳು, ಒತಿಲಿಯ ಕಣ್ಣು ಪಿಳಿಪಿಳಿ ಬಿಟ್ಟಳು. ನರ್ಸಮ್ಮ ನಿಕಾನೋರನ ಕಡೆ ತಿರುಗಿ ನೀವು ಮನೆಯವರಾ ಎಂದಳು, ಅವನು ಮನೆಯವನೇ ಎಂದ. ಅವಳ ಹಣೆಯ ಗಂಟು ಸಡಿಲವಾಯಿತು. ಆಮೇಲೆ ಅವಳು ಒತಿಲಿಯಳ ಮುಖ ನೋಡಲೇ ಇಲ್ಲ. ಪ್ರಶ್ನೆಯೆಲ್ಲ ಅವನ ಕಡೆಗೆ, ಉತ್ತರವೆಲ್ಲ ಅವನ ಬಾಯಿಂದ. ತೂಕಕ್ಕೆ ತಂದಿಟ್ಟ ಮೂಟೆಯ ಹಾಗೆ ಒತಿಲಿಯ ಅವರಿಬ್ಬರ ನಡುವೆ ಮಂಚದ ಮೇಲೆ ಕೂತಿದ್ದಳು. ಅವಳಿಗೆ ಅರ್ಥವಾದದ್ದು ಮೀನು ಎಂಬ ಒಂದು ಮಾತು. ಅದಕ್ಕೂ ತಲೆಯಾಡಿಸಿದಳು. ಬಿಳಿ ಬಟ್ಟೆ ತೊಟ್ಟವರು ಏನಂದರೂ ತಲೆಯಾಡಿಸುವುದೇ ಅವಳ ಊರಿನಲ್ಲಿ ಮರ್ಯಾದೆ.

ನರ್ಸಮ್ಮ ದನಿ ತಗ್ಗಿಸಿ ಇನ್ನೇನೋ ಕೇಳಿದಳು. ನಿಕಾನೋರ್ ಕಿವಿ ಕೆರೆದುಕೊಂಡು ಗೋಡೆ ನೋಡಿದ.

“ಅದೇ... ಮುಟ್ಟು ಯಾವಾಗಾಗಿದ್ದು ಅಂತ ಕೇಳ್ತಾವ್ಳೆ. ಬಸ್ರಿ ಗಿಸ್ರಿ ಅಲ್ವಲ್ಲ ನೀವು?”

ಒತಿಲಿಯಳ ಕಿವಿಯವರೆಗೆ ಬಿಸಿ ಹತ್ತಿತು. ನಾಲ್ಕು ತಿಂಗಳಾಗಿತ್ತು. ಬಸುರಿಯರನ್ನು ಅವನು ವ್ಯಾನು ಹತ್ತಿಸುವುದಿಲ್ಲ. ಹೋದ ಬೇಸಿಗೆಯಲ್ಲಿ ಗೆಳತಿ ಚೇಲಾಳ ಹೊಟ್ಟೆ ಕಂಡದ್ದೇ, ಬುತ್ತಿ ಬಿಚ್ಚಿ ಕೂತಿದ್ದವಳನ್ನು ಹಾಗೇ ಎಬ್ಬಿಸಿ ಕಳಿಸಿದ್ದ. ಅದಕ್ಕೇ ಇವಳು ಗಂಡನ ದೊಗಳೆ ಅಂಗಿ ತೊಡುತ್ತಿದ್ದಳು.

“ಇಲ್ಲ,” ಎಂದಳು, ತನ್ನ ಬೂಟು ನೋಡುತ್ತ.

ಆ ಇಲ್ಲ ನರ್ಸಮ್ಮನಿಗೆ ಮುಟ್ಟಿತು. ಅವಳು ಸೂಜಿಮದ್ದು ತುಂಬಲು ಆ ಕಡೆ ತಿರುಗಿದಳು.

ಆಗ ತೊಡೆಯ ನಡುವೆ ಬೆಚ್ಚಗಾಯಿತು. ಮಂಚಕ್ಕೆ ಹಾಸಿದ್ದ ಬಿಳಿ ಕಾಗದ ಕೆಂಪಾಯಿತು. ಒತಿಲಿಯ ಅಂಗಿ ಎಳೆದು ಮುಚ್ಚಿಕೊಂಡಳು, ಕಾಲು ಬಿಗಿದಳು. ನಿಕಾನೋರ್ ನೋಡಿಬಿಟ್ಟಿದ್ದ.

“ಥೂ. ಮೊದ್ಲೇ ಹೇಳ್ಬಾರ್ದಾ.”

ಮುಖ ಆ ಕಡೆ ಮಾಡಿಕೊಂಡೇ ನರ್ಸಮ್ಮನಿಗೆ ಏನೋ ಅಂದು ನಕ್ಕ. ಅವಳೂ ನಿರಾಳವಾಗಿ ನಕ್ಕು, ಕಪಾಟಿನಿಂದ ಒಂದು ಪ್ಯಾಡು ತೆಗೆದು ಒತಿಲಿಯಳ ಕೈಗಿಟ್ಟು ಭುಜ ತಟ್ಟಿದಳು. ಆ ತಟ್ಟಿದ್ದರಲ್ಲೇ ಅವನು ಹೇಳಿದ್ದೇನು ಎಂದು ಒತಿಲಿಯಳಿಗೆ ಗೊತ್ತಾಯಿತು. ಹೊಟ್ಟೆಯೊಳಗಿಂದ ಇಳಿಯುತ್ತಿರುವುದು ತಿಂಗಳ ಮುಟ್ಟು, ಅಷ್ಟೇ.

ಅವಳು ಎರಡೂ ತೋಳು ಜೋಡಿಸಿ ಕೂಸು ತೂಗುವ ಹಾಗೆ ತೂಗಿ ತೋರಿಸಿದಳು. ನರ್ಸಮ್ಮ ನಗುತ್ತಲೇ ಇದ್ದಳು. ಇನ್ನೊಮ್ಮೆ ತೂಗಿ, ಹೊಟ್ಟೆಯ ಮೇಲೆ ಅಂಗೈ ಒತ್ತಿ ಹಿಡಿದಳು. ಏನಾಟ ಇದು, ಏಳಿ ಎಂದು ನಿಕಾನೋರ್ ರಟ್ಟೆ ಹಿಡಿದ. ಒತಿಲಿಯ ರಟ್ಟೆ ಬಿಡಿಸಿಕೊಂಡು, ಕೊರಳಿಗೆ ಸುತ್ತಿದ್ದ, ಬೆಳಗಿನ ಔಷಧಿ ಹೀರಿದ್ದ ವಸ್ತ್ರ ಬಿಚ್ಚಿ ನರ್ಸಮ್ಮನ ಮೂಗಿಗೆ ಒತ್ತಿಬಿಟ್ಟಳು. ನರ್ಸಮ್ಮ ಕೆಮ್ಮುತ್ತ ಹಿಂದೆ ಸರಿದಳು. ಅವಳ ಕಣ್ಣಲ್ಲೂ ಉರಿನೀರು ಬಂತು.

“ಆಚೆಗೋಗ್ಲಾ ಬೋಳಿಮಗ್ನೆ,” ಎಂದಳು ಒತಿಲಿಯ, ದನಿ ಏರಿಸದೆ. “ನನ್ ಕೂಸು ಸಾಯ್ತಾ ಐತೆ. ನಿನ್ ಬಾಯಿ ಇಲ್ಲಿಗೆ ಬ್ಯಾಡ.”



“ನಾಳೆ ಯಾವ್ ಮುಕ ಇಟ್ಕಂಡ್ ಬತ್ತೀಯೆ ಸೂಳೆ, ನೋಡ್ತೀನಿ,” ಎಂದ ನಿಕಾನೋರ್.

ನರ್ಸಮ್ಮ ಬಾಗಿಲು ತೋರಿಸಿದಳು. ಅವನು ಹೋದ ಮೇಲೆ, ಕೈತೊಳೆಯುವ ತೊಟ್ಟಿಯ ಪಕ್ಕದ ಗೋಡೆಯಲ್ಲಿದ್ದ ಫೋನು ತೆಗೆದು ಗುಂಡಿ ಒತ್ತಿದಳು. ಅದು ಆಗಿನಿಂದಲೂ ಅಲ್ಲೇ ಇತ್ತು. ಅವಳ ಕತ್ತು ಕೆಂಪಾಗಿತ್ತು.

ಎಲ್ಲಿಯದೋ ಒಂದು ಹೆಣ್ಣುದನಿ ಒತಿಲಿಯಳದೇ ಭಾಷೆಯಲ್ಲಿ ಮಾತಾಡಿತು. “ನಿಮ್ಮ ಮಾತನ್ನ ನರ್ಸಿಗೆ ಹೇಳೋದಕ್ಕೆ ಇದೀನಮ್ಮ. ಹೇಳಿ, ಏನಾಯ್ತು?”

ಒತಿಲಿಯಳಿಗೆ ತಲೆ ಎತ್ತಲು ಆಗಲಿಲ್ಲ.

“ಇಲ್ಲ ಅಂದ್ಬುಟ್ನವ್ವ. ಹೊಲ್ದಲ್ಲಿ ಔಸ್ದಿ ಗಾಳಿ ಕುಡ್ದು, ನಾಕ್ ತಿಂಗ್ಳಿನ್ ಕೂಸ ಹೊಟ್ಟೇಲಿಟ್ಕಂಡು, ಅವ್ನ್ ಮುಂದೆ ಇಲ್ಲ ಅಂದ್ಬುಟ್ಟೆ. ಕೂಸಿಗೆ ಜೀವ ಐತಾ ಅಂತ ಕೇಳವ್ವ.”

ಫೋನು ಇಂಗ್ಲಿಷಿನಲ್ಲಿ ಮಾತಾಡಿತು. ನರ್ಸಮ್ಮ ತುಂಬಿಟ್ಟಿದ್ದ ಸೂಜಿಯನ್ನು ಪಕ್ಕಕ್ಕೆ ಸರಿಸಿದಳು. ತಣ್ಣನೆಯ ಅಂಟು ಸವರಿ, ಕೂಸಿನ ಎದೆಬಡಿತ ಕೇಳಿಸುವ ಸಣ್ಣದೊಂದು ಯಂತ್ರವನ್ನು ಒತಿಲಿಯಳ ಹೊಟ್ಟೆಗೆ ಒತ್ತಿದಳು. ಹೊರಗೆ ವ್ಯಾನು ಶುರುವಾಗಿ ಹೊರಟುಹೋಯಿತು. ಯಂತ್ರದಲ್ಲಿ ಬರೀ ಗೊರಗೊರ. ನರ್ಸಮ್ಮ ಮುಖ ಎತ್ತದೆ ಅದನ್ನು ಇನ್ನೊಂದು ಚೂರು ಕೆಳಕ್ಕೆ ಸರಿಸಿದಳು.