ಕುದಿಸಿದ ಹುದುಗು

ಭೇದಿ ಹತ್ತಿದ ಮಗುವಿಗೆ ತಣ್ಣೀರು ಕುಡಿಸುವುದೆಂದರೆ ಶೆಪಜ್ಜಿಯ ಪಾಲಿಗೆ ಸಾವನ್ನು ಕರೆದು ಕೂರಿಸಿದಂತೆ. ಗ್ವಾಟೆಮಾಲಾದ ಆ ಬೆಟ್ಟದೂರಿನಲ್ಲಿ ಕಾಯಿಲೆಗಳಿಗೂ ಬಿಸಿ, ತಂಪು ಎಂಬ ಜಾತಿಯುಂಟು. ಭೇದಿ ತಂಪಿನದು, ಅದಕ್ಕೆ ಬಿಸಿಯೇ ಮದ್ದು. ಆರೋಗ್ಯ ಕಾರ್ಯಕರ್ತೆ ಓತಿಲಿಯಾ ಬಂದು, ಅಜ್ಜಿಯ ಮೊಮ್ಮಗಳು ತಾಲಿನ್‌ಗೆಂದು ಪುಡಿಯ ಪೊಟ್ಟಣಗಳನ್ನು ಕೊಟ್ಟು, “ಆರಿದ ನೀರಲ್ಲಿ ಕಲಸಿ ಕುಡಿಸಿ” ಎಂದಾಗ ಅಜ್ಜಿ ಹೂಂ ಎಂದು ತಲೆಯಾಡಿಸಿದಳು. ಆಕೆ ಅತ್ತ ಹೋದೊಡನೆ ಪುಡಿಯನ್ನು ಗಂಜಿಗೆ ಸುರಿದು ಕುದಿಸಿದಳು.

“ಅತ್ತೆ, ಆರಿದ ನೀರು ಅಂದಿದ್ರಲ್ಲ?” ಎಂದಳು ಸೊಸೆ ನಿಕೊಲಾಸಾ.

“ಆಕೆ ಎಷ್ಟು ಹೆತ್ತಿದ್ದಾಳೆ ಕೇಳ್ಕೊಂಡು ಬಾ, ಆಮೇಲೆ ನೀರು ಆರಿಸೋಣ. ನಿನ್ನ ಗಂಡನ್ನ ಉಳಿಸಿದ್ದು ಈ ಕೈಯೇ ಕಣೆ.”

ಕೊಯ್ಲಿನ ಮಳೆಗೆ ಸಿಕ್ಕಿದ ಮೆಕ್ಕೆಜೋಳ ಅಟ್ಟದಲ್ಲಿ ಬೂಷ್ಟು ಹಿಡಿದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಎಸೆಯಿರೆಂದೂ ಓತಿಲಿಯಾ ಹೇಳಿದ್ದಳು. ಮನುಷ್ಯನ ಮೈಯೇ ಜೋಳದಿಂದಾದದ್ದು, ಎಸೆದ ಕಾಳು ಅಳುತ್ತದೆ ಎಂದು ನಂಬಿದವಳು ಅಜ್ಜಿ. ಅದನ್ನೇ ಊರ ರೂಢಿಯಂತೆ ಸುಣ್ಣದ ನೀರಿನಲ್ಲಿ ಬೇಯಿಸಿ, ರೊಟ್ಟಿ ತಟ್ಟಿ, ಎಲ್ಲರಂತೆ ಮಗುವಿಗೂ ತಿನ್ನಿಸಿದಳು.

ಓತಿಲಿಯಾ ಮರಳಿ ಬಂದಾಗ ತಾಲಿನ್‌ಳ ಕಣ್ಣು ಗುಳಿಬಿದ್ದಿತ್ತು.

“ಪುಡಿ ಕುಡಿಸಿದ್ರಾ ಅಜ್ಜಿ?”

“ಒಂದು ಹೊತ್ತೂ ತಪ್ಪಿಸಿಲ್ಲ. ಗಂಜೀಲಿ ಚೆನ್ನಾಗಿ ಕುದಿಸಿ ಕೊಟ್ಟೆ.”

ಓತಿಲಿಯಾ ಒಲೆಯ ಬಳಿ ಕುಳಿತಳು. “ಅಜ್ಜಿ, ಅದು ಜೀವ ಇರೋ ಹುದುಗು, ಬ್ರೆಡ್ ಉಬ್ಬಿಸೋ ಥರದ್ದು. ಸೆಲೆನಿಯಂ ಅನ್ನೋ ಖನಿಜ ಉಣಿಸಿ ಬೆಳೆಸಿದ್ದು. ಬೂಷ್ಟಿನ ವಿಷ ಕರುಳು ಕೊರೀದೆ ಇರ್ಲಿ ಅಂತ ಕಾವಲಿಗೆ ಕೊಟ್ಟಿದ್ದೆ. ಕುದಿಸಿದ್ರೆ ಆ ಹುದುಗು ಸಾಯತ್ತೆ. ವಿಷ ಸಾಯಲ್ಲ.”

“ಸುಣ್ಣ ಹಾಕಿದ್ರೂನಾ?”

“ಕಡಿಮೆಯಾಗತ್ತೆ. ಇಷ್ಟು ಕೆಟ್ಟ ಕಾಳಲ್ಲಿ ಪೂರ್ತಿ ಹೋಗಲ್ಲ.”

ಅಜ್ಜಿ ಉಳಿದಿದ್ದ ಪೊಟ್ಟಣವನ್ನು ಹರಿದು, ಆರಿದ ನೀರಿನಲ್ಲಿ ಕಲಸಿ, ಬೆರಳದ್ದಿ ಮಗುವಿನ ತುಟಿಗಿಟ್ಟಳು. ನಾಲಗೆ ಅಲುಗಲಿಲ್ಲ, ಹನಿ ಕಟವಾಯಿಯಿಂದ ಜಾರಿತು.

“ಇನ್ನು ಪುಡೀಲಿ ಆಗೋದಲ್ಲ. ಆಸ್ಪತ್ರೆಗೆ ಹೊರಡು ನಿಕೊಲಾಸಾ, ನಾನೂ ಬರ್ತೀನಿ” ಎಂದಳು ಓತಿಲಿಯಾ.

ನಿಕೊಲಾಸಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡಳು. ಅಜ್ಜಿಯೂ ಶಾಲು ಹೊದ್ದು ಎದ್ದಳು.

“ಬೇಡಿ ಅತ್ತೆ.” ಸೊಸೆಯ ದನಿ ಏರಲಿಲ್ಲ. “ದಾರೀಲಿ ಇವಳಿಗೆ ಏನಾದ್ರೂ ಆದ್ರೆ ನಿಮ್ಮ ಮುಖ ಹೇಗೆ ನೋಡ್ಲಿ ನಾನು?”

ಅಜ್ಜಿ ಹೊದ್ದ ಶಾಲನ್ನು ಕೆಳಗಿಳಿಸಿದಳು. ಅವರಿಬ್ಬರೂ ಇಳಿಜಾರಿನಲ್ಲಿ ಮರೆಯಾದ ಮೇಲೂ, ಬೆರಳಿಗಂಟಿದ ಪುಡಿ ಒಣಗಿ ಬಿರಿಯುವ ತನಕ ಆಕೆ ಹೊಸ್ತಿಲಲ್ಲೇ ನಿಂತಿದ್ದಳು.