ಸಂಗ್ರಾಣಿ ಕಲ್ಲು

"ಅಂಗಿ ತಗಿಯೋ ಕಳಕಪ್ಪ! ಅಂಗಿ ಹಾಕ್ಕೊಂಡು ಸಂಗ್ರಾಣಿ ಕಲ್ಲು ಎತ್ತಿದ ಗಂಡಸು ನಮ್ಮ ಶಿರೋಳದಾಗ ಹುಟ್ಟಿಲ್ಲ," ಎಂದು ಹಿರಿಯ ಕನಕಪ್ಪ ಕಟ್ಟೆಯ ಮೇಲಿಂದ ಕೂಗಿದ.

ಮಾತು ಖರೆಯೇ. ಆ ದುಂಡು ಕಲ್ಲನ್ನು ತೊಡೆಗೇರಿಸಿ, ಹೊಟ್ಟೆಗೆ ಅವಚಿ, ಬರಿಯ ಎದೆಯ ಮೇಲೆ ಉರುಳಿಸುತ್ತ ಹೆಗಲಿಗೆ ತರಬೇಕು. ಬಟ್ಟೆಯಿದ್ದರೆ ಜಾರುತ್ತದೆ. ಪ್ರತಿ ಕಾರಹುಣ್ಣಿಮೆಗೂ ಅದನ್ನು ಎತ್ತುತ್ತಿದ್ದವನು ಕಳಕಪ್ಪ. ನಲವತ್ತು ದಾಟಿದ ಮೇಲೆ, ಹೋದ ವರ್ಷ, ಕಲ್ಲು ತೊಡೆಯಿಂದ ಮೇಲೇಳಲಿಲ್ಲ. ಗಜೇಂದ್ರಗಡದಲ್ಲಿ ಜಿಮ್ ನಡೆಸುವ ಊರಿನ ಹುಡುಗ ಬಸ್ಯಾ ಒಂದು ಡಬ್ಬಿ ಕೈಗಿತ್ತು, "ಗಂಡಸ್ತನದ ಗುಳಿಗಿ ಕಾಕಾ. ಬರೇ ಗಿಡಮೂಲಿಕಿ. ನಾನೂ ತಗೋತೀನಿ, ಏನೂ ಆಗಂಗಿಲ್ಲ," ಅಂದಿದ್ದ.

ತೋಳು ಉಬ್ಬಿದ್ದು ಸುಳ್ಳಲ್ಲ. ಜೊತೆಗೆ ಬೆನ್ನ ತುಂಬ ಮೊಡವೆ ಎದ್ದವು, ನಿದ್ದೆ ಹಾರಿತು. ಹೆಂಡತಿಯ ಮೇಲೆ ಎಂದೂ ದನಿ ಎತ್ತದವನು, ಪಲ್ಯಕ್ಕೆ ಉಪ್ಪು ಕಡಿಮೆಯೆಂದು ತಾಟು ಬೀಸಿ ಒಗೆದ. ಆಮೇಲೆ ಎರಡೂ ಮೊಲೆತೊಟ್ಟಿನ ಕೆಳಗೆ ಗಂಟು ಕಟ್ಟಿ, ಹೆಂಗಸರ ಹಾಗೆ ಎದೆ ತುಂಬಿಕೊಂಡಿತು. ಅಂಗಿ ತಾಗಿದರೂ ನೋವು.

"ಆ ಗುಳಿಗಿ ಚಾಲೂ ಮಾಡಿದ ಮ್ಯಾಲ ಆದದ್ದಿದು. ಬಿಡ್ರಿ ಅದನ್ನ. ನರಗುಂದದ ದವಾಖಾನಿಗೆ ಹೋಗೂನು," ಎಂದು ಹೆಂಡತಿ ಶೇಖವ್ವ ಅಂಗಲಾಚಿದ್ದಳು.

"ಡಾಕ್ಟರಗ ಏನಂತ ತೋರಸಲಿ? ಊರಾಗ ತಲಿ ಎತ್ತಿ ತಿರಗಬೇಕೋ ಬ್ಯಾಡೋ?"

ಈಗ, ಈ ವರ್ಷದ ಕಾರಹುಣ್ಣಿಮೆಗೆ, ಊರೇ ಎದುರಿಗೆ ನಿಂತಿತ್ತು.

"ತಗಿ ಕಾಕಾ, ನಾಚಬ್ಯಾಡ! ನನ್ನ ಮಾಲು ಹ್ಯಾಂಗೈತಿ ಮಂದಿ ನೋಡಲಿ!" ಗುಂಪಿನಿಂದ ಬಸ್ಯಾ ಕೂಗಿದ.

ಕಳಕಪ್ಪನಿಗೆ ರಕ್ತ ತಲೆಗೇರಿತು. ಗುಂಡಿ ಬಿಚ್ಚುವಷ್ಟೂ ತಾಳ್ಮೆಯಿಲ್ಲದೆ ಅಂಗಿಯನ್ನು ಹರಿದೇ ಒಗೆದ.

"ನೋಡ್ರಿ! ಎಲ್ಲಾರೂ ಕಣ್ಣು ತುಂಬ ನೋಡ್ರಿ ಇವನ ಮಾಲು!"

ಯಾರೋ ಕಿಸಕ್ಕೆಂದರು. "ಬಾಯಿ ಮುಚ್ಚಲೇ," ಎಂದು ಗದರಿದ ಕನಕಪ್ಪ ಕಟ್ಟೆಯಿಳಿದು ಬಂದು, ತನ್ನ ಟವೆಲ್ಲನ್ನು ಕಳಕಪ್ಪನ ಮೈಮೇಲೆ ಹೊದಿಸಿದ. "ಕಲ್ಲು ಎಲ್ಲೂ ಓಡಿ ಹೋಗಂಗಿಲ್ಲ ತಮ್ಮಾ. ಮೊದಲ ದವಾಖಾನಿಗೆ ಹೋಗು."

ಕಳಕಪ್ಪ ಬಸ್ಯಾನ ಕಡೆ ನುಗ್ಗಿದ. ಬೈಯಲು ಬಾಯಿ ತೆರೆದವನು ಹಾಗೆಯೇ ನಿಂತ. ಸದಾ ಎದೆ ತೆರೆದು ತಿರುಗುತ್ತಿದ್ದ ಬಸ್ಯಾ, ಆ ಸೆಕೆಯಲ್ಲೂ ಕುತ್ತಿಗೆಯವರೆಗೆ ಅಂಗಿ ಮುಚ್ಚಿಕೊಂಡಿದ್ದ. ಕಾಕಾನ ಎದೆ ಕಂಡದ್ದೇ ಅವನ ಮುಖ ಬಿಳುಚಿತ್ತು.

"ನಿನಗೂನೇನೋ?" ಕಳಕಪ್ಪ ಮೆಲ್ಲಗೆ ಕೇಳಿದ.

ಬಸ್ಯಾ ಒಂದು ಹೆಜ್ಜೆ ಹಿಂದೆ ಸರಿದ.

"ನಾಳಿ ಮುಂಜಾನಿ ಬಸ್ಸಿಗೆ ಬಾ. ಕೂಡೇ ಹೋಗೂನು."

ಬಸ್ಯಾನ ಬೆರಳುಗಳು, ಆಗಲೇ ಹಾಕಿದ್ದ ಮೇಲಿನ ಗುಂಡಿಯನ್ನು ಮತ್ತೊಮ್ಮೆ ತಡವಿದವು.